ಗಟ್ಟಿಯಾದ ಅಂಟಿಗೆ ಮರುಜೀವ

ಮಾಗಿಯ ಚಳಿಯ ಆಗಮನವನ್ನು ಮನೆಯೊಡತಿಗೆ ಮೊದಲು ಸಾರುವುದು ಕೊಬ್ಬರಿ ಎಣ್ಣೆಯ ಸೀಸೆ. ನಿನ್ನೆ ತಿಳಿಯಾಗಿದ್ದ ಎಣ್ಣೆ ಇಂದು ಬೆಳ್ಳಗೆ ಹೆಪ್ಪುಗಟ್ಟಿರುತ್ತದೆ. ಕೆಟ್ಟಿತೆಂದು ಅದನ್ನು ಯಾರೂ ಚೆಲ್ಲುವುದಿಲ್ಲ. ಸೀಸೆಯನ್ನು ಬಿಸಿಲಿಗಿಟ್ಟರೆ ಸರಿಹೋಗುವುದೆಂದು ಮಕ್ಕಳೂ ಬಲ್ಲರು. ಆದರೆ ಉಪಕರಣದ ಪೆಟ್ಟಿಗೆಯಲ್ಲಿರುವ ಎಪಾಕ್ಸಿ ಅಂಟಿಗೆ ಇದೇ ಅವಸ್ಥೆ ಒದಗಿದರೆ, ಹಣ ಕೊಟ್ಟು ತಂದ ಆ ಪದಾರ್ಥ ಮರುವಿಚಾರವಿಲ್ಲದೆ ಕಸದ ಬುಟ್ಟಿಯನ್ನು ಸೇರುತ್ತದೆ. ಅನೇಕ ವೇಳೆ ಈ ನಷ್ಟ ಅನಾವಶ್ಯಕವಾದುದು.

ಎಪಾಕ್ಸಿ ಎರಡು ಪಾತ್ರೆಗಳಲ್ಲಿ ಬರುವ ಅಂಟು. ಒಂದರಲ್ಲಿ ರಾಳ, ಇನ್ನೊಂದರಲ್ಲಿ ಅದನ್ನು ಗಟ್ಟಿಗೊಳಿಸುವ ಹಾರ್ಡನರ್. ಸ್ವಿಟ್ಜರ್ಲೆಂಡಿನ ರಸಾಯನ ಶಾಸ್ತ್ರಜ್ಞ ಪಿಯೆರ್ ಕಾಸ್ಟನ್ 1930ರ ದಶಕದಲ್ಲಿ ಕೃತಕ ದಂತಪಂಕ್ತಿಗೆ ತಕ್ಕ ಪದಾರ್ಥವನ್ನು ಅರಸುತ್ತ ಈ ರಾಳದ ಗುಣವನ್ನು ಕಂಡುಕೊಂಡನು. ಮುಂದೆ ಅದು ಸೀಬಾ ಸಂಸ್ಥೆಯ ಕೈಸೇರಿ, 1946ರಲ್ಲಿ ಅರಾಲ್ಡೈಟ್ ಎಂಬ ಹೆಸರಿನಿಂದ ಲೋಕಕ್ಕೆ ಪರಿಚಯವಾಯಿತು. ಹಲ್ಲಿಗಾಗಿ ಹುಡುಕಿದ ವಸ್ತು ಲೋಹ, ಗಾಜು, ಪಿಂಗಾಣಿ, ಮರಗಳನ್ನೆಲ್ಲ ಬೆಸೆಯುವ ಬಂಧುವಾಯಿತು.

ಈ ರಾಳ ಗಟ್ಟಿಯಾಗುವುದರಲ್ಲಿ ಎರಡು ಬಗೆಯುಂಟು. ಹಾರ್ಡನರ್ ಬೆರೆತಾಗ ರಾಳದ ಅಣುಗಳು ಒಂದಕ್ಕೊಂದು ಹೆಣೆದುಕೊಂಡು ಬಲೆಯಂತಾಗುತ್ತವೆ. ಇದು ರಾಸಾಯನಿಕ ಬದಲಾವಣೆ. ಸುಟ್ಟ ಇಟ್ಟಿಗೆ ಮತ್ತೆ ಜೇಡಿಮಣ್ಣಾಗದಂತೆ, ಹೀಗೆ ಗಟ್ಟಿಯಾದ ರಾಳ ಎಷ್ಟು ಕಾಯಿಸಿದರೂ ಮತ್ತೆ ದ್ರವವಾಗದು. ಎರಡನೆಯ ಬಗೆ ಹರಳುಗಟ್ಟುವಿಕೆ. ಇಲ್ಲಿ ಅಣುಗಳು ಬದಲಾಗುವುದಿಲ್ಲ; ಸಾಲಾಗಿ ಜೋಡಿಸಿಕೊಂಡು ನಿಂತಿರುತ್ತವೆ, ಅಷ್ಟೆ. ಬಿಸಿ ತಗುಲಿದರೆ ಸಾಲು ಚದುರಿ ರಾಳ ಮೊದಲಿನಂತೆ ಹರಿಯತೊಡಗುತ್ತದೆ. ಎಸೆಯುವ ಮುನ್ನ ತಿಳಿಯಬೇಕಾದುದು ಇಷ್ಟೇ: ಕೈಯಲ್ಲಿರುವುದು ಇವೆರಡರಲ್ಲಿ ಯಾವುದು?

ರಾಳ ಹರಳುಗಟ್ಟುವುದೇಕೆ? ಸಾಮಾನ್ಯ ಎಪಾಕ್ಸಿ ರಾಳದ ಮುಖ್ಯ ಘಟಕವು ತೀರ ಶುದ್ಧವಾಗಿದ್ದರೆ ಸುಮಾರು 42 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಘನರೂಪದಲ್ಲೇ ಇರಬೇಕಾದುದು. ಅದು ನಮ್ಮ ಕೋಣೆಗಳಲ್ಲಿ ದ್ರವವಾಗಿರುವುದು ಹರಳಾಗಲು ಒಂದು ನೆಪ ಸಿಕ್ಕಿಲ್ಲವೆಂದೇ. ಧೂಳಿನ ಕಣವೋ, ಮುಚ್ಚಳದಲ್ಲಿ ಒಣಗಿ ಉಳಿದ ಹಳೆಯ ಹರಳೋ, ರಾತ್ರಿಯ ಚಳಿ ಹಗಲಿನ ಸೆಕೆಗಳ ಏರಿಳಿತವೋ ಆ ನೆಪವನ್ನು ಒದಗಿಸುತ್ತದೆ. ರಾಳ ಶುದ್ಧವಾದಷ್ಟೂ ಈ ಸ್ವಭಾವ ಹೆಚ್ಚು. ಆದುದರಿಂದ ಹರಳುಗಟ್ಟಿದ ಮಾತ್ರಕ್ಕೆ ಅಂಗಡಿಯವನು ಕಲಬೆರಕೆಯ ಮಾಲು ಕೊಟ್ಟನೆಂದು ಶಂಕಿಸಬೇಕಾಗಿಲ್ಲ.

ಹರಳುಗಟ್ಟಿದ ರಾಳವನ್ನು ನೋಟದಿಂದಲೇ ಬಹುಮಟ್ಟಿಗೆ ಗುರುತಿಸಬಹುದು. ಅದು ಮೊದಲು ಮಬ್ಬಾಗುತ್ತದೆ. ಬಳಿಕ ತಳದಲ್ಲಿ ಸಕ್ಕರೆಯಂತಹ ಕಣಗಳು ಕೂಡುತ್ತವೆ. ಕೊನೆಗೆ ಇಡಿಯ ರಾಳ ಬಿಳಿಯ ಮೇಣದಂತಾಗುತ್ತದೆ. ಸಂದೇಹವಿದ್ದರೆ ಒಂದು ಚೂರನ್ನು ಹಳೆಯ ತಗಡಿನ ಡಬ್ಬಿಯ ಮುಚ್ಚಳದಲ್ಲಿಟ್ಟು, ಆ ಮುಚ್ಚಳವನ್ನು ಬಿಸಿನೀರಿನ ಮೇಲೆ ತೇಲಿಬಿಡಬೇಕು. ಕರಗಿ ಹರಿದರೆ ರಾಳ ಬದುಕಿದೆ. ಕರಗದೆ ರಬ್ಬರಿನಂತೆಯೋ ಗಾಜಿನಂತೆಯೋ ಉಳಿದರೆ, ಮುಚ್ಚಳಗಳು ಅದಲುಬದಲಾಗಿ ಹಾರ್ಡನರ್ ಒಳಸೇರಿರಬೇಕು. ಅದರ ಆಸೆಯನ್ನು ಬಿಡುವುದೇ ಲೇಸು.

ಮರುಜೀವ ನೀಡುವ ಕ್ರಮ ಸರಳವಾದುದು. ರಾಳದ ಪಾತ್ರೆಯ ಮುಚ್ಚಳವನ್ನು ಬಿಗಿಮಾಡಿ, 50ರಿಂದ 60 ಡಿಗ್ರಿ ಬಿಸಿಯಿರುವ ನೀರಿನಲ್ಲಿ ನಿಲ್ಲಿಸಬೇಕು. ಕೈ ಅದ್ದಿದರೆ ಹೆಚ್ಚು ಹೊತ್ತು ತಾಳಲಾಗದಷ್ಟು ಬಿಸಿಯೆಂದರೆ ಸರಿ. ನೀರು ಮುಚ್ಚಳದವರೆಗೆ ಏರಬಾರದು, ತಣಿದಂತೆಲ್ಲ ಬದಲಿಸುತ್ತಿರಬೇಕು. ಸಣ್ಣ ಟ್ಯೂಬು ಬೇಗನೆ ಕರಗುತ್ತದೆ. ದೊಡ್ಡ ಡಬ್ಬಿಗೆ ಹಲವು ಗಂಟೆಗಳೇ ಬೇಕಾಗಬಹುದು. ಡಬ್ಬಿಯಾದರೆ ನಡುನಡುವೆ ಹೊರತೆಗೆದು ಒರೆಸಿ, ಒಣಗಿದ ಕಡ್ಡಿಯಿಂದ ತಳದವರೆಗೆ ಕಲಕಬೇಕು. ಆತುರಪಟ್ಟು ಪಾತ್ರೆಯನ್ನು ಒಲೆಯ ಉರಿಯ ಮೇಲೆ ಇಡುವುದು ಅಪಾಯಕಾರಿ.

ಇಲ್ಲಿ ತಾಳ್ಮೆಗೆ ಬೆಲೆಯುಂಟು. ಒಂದೆರಡು ಹರಳು ಉಳಿದರೂ ಅವೇ ಬೀಜವಾಗಿ, ಕೆಲದಿನಗಳಲ್ಲಿ ಇಡಿಯ ರಾಳವನ್ನು ಮತ್ತೆ ಗಟ್ಟಿಗೊಳಿಸುತ್ತವೆ. ಮುಚ್ಚಳ ಹಾಗೂ ಅಂಚುಗಳಲ್ಲಿ ಅಡಗಿದ ಕಣಗಳನ್ನೂ ಒರೆಸಿ ತೆಗೆಯಬೇಕು. ಅರೆಕರಗಿದ ರಾಳವನ್ನೇ ಉಪಯೋಗಿಸಿದರೆ ಕೇಡು ಇನ್ನೂ ಹೆಚ್ಚು. ಹರಳಿನೊಳಗಿನ ರಾಳ ಹಾರ್ಡನರಿನೊಡನೆ ಬೆರೆಯುವುದಿಲ್ಲ. ಪ್ರಮಾಣ ತಪ್ಪಿ ಬೆಸುಗೆಯಲ್ಲಿ ಮೆತ್ತನೆಯ ಜಾಗಗಳು ಉಳಿಯುತ್ತವೆ. ಮುರಿದ ಗೊಂಬೆಯ ಕೈ ಕಳಚಿದರೆ ಮಗು ಅತ್ತು ಸುಮ್ಮನಾದೀತು. ಆದರೆ ಅಜ್ಜಿ ಕುಳಿತುಕೊಳ್ಳುವ ಕುರ್ಚಿಯ ಕಾಲು ಕಳಚಿದರೆ ಗತಿಯೇನು?

ಕರಗಿದ ರಾಳವನ್ನು ತಣಿಸಿದ ನಂತರವೇ ಹಾರ್ಡನರ್ ಬೆರೆಸಬೇಕು. ಬಿಸಿಯಲ್ಲಿ ಬೆರೆಸಿದರೆ ಕೆಲಸ ಮುಗಿಯುವ ಮೊದಲೇ ಅಂಟು ಬಿಗಿದುಕೊಳ್ಳುತ್ತದೆ. ಹೆಚ್ಚು ಮೊತ್ತವನ್ನು ಒಟ್ಟಿಗೆ ಕಲಸಿದರೆ ತಾನಾಗಿ ಕಾದು ಹೊಗೆಯಾಡಲೂಬಹುದು. ಬೇಗ ಒಣಗಲೆಂದು ಹಾರ್ಡನರನ್ನು ಹೆಚ್ಚಿಗೆ ಹಾಕುವ ರೂಢಿಯೂ ತಪ್ಪು. ಅದರಿಂದ ಬೆಸುಗೆ ದುರ್ಬಲವಾಗುತ್ತದೆಯೇ ಹೊರತು ಬಿಗಿಯಾಗದು. ಪೊಟ್ಟಣದ ಮೇಲೆ ಹೇಳಿದ ಪ್ರಮಾಣವೇ ಪ್ರಮಾಣ. ಮೊದಲು ರಟ್ಟಿನ ತುಂಡಿನ ಮೇಲೆ ಒಂದಿಷ್ಟು ಕಲಸಿಟ್ಟು, ಪೊಟ್ಟಣದಲ್ಲಿ ಹೇಳಿದ ಅವಧಿಯ ಬಳಿಕ ಅದು ಗಟ್ಟಿಯಾಯಿತೇ ಎಂದು ನೋಡಿ ಮುಂದುವರಿಯುವುದು ಜಾಣತನ.

ಈ ಕೆಲಸಕ್ಕೆ ಬಳಸಿದ ಪಾತ್ರೆ ಅಡಿಗೆಮನೆಗೆ ಹಿಂದಿರುಗಬಾರದು. ರಾಳವಾಗಲಿ ಹಾರ್ಡನರಾಗಲಿ ಪದೇ ಪದೇ ಚರ್ಮಕ್ಕೆ ತಗುಲಿದರೆ ತುರಿಕೆ, ದದ್ದು ಏಳಬಹುದು. ಒಮ್ಮೆ ಒಗ್ಗದೆಹೋದ ಮೈಗೆ ಮುಂದೆ ಅದು ಎಂದಿಗೂ ಒಗ್ಗದಿರಬಹುದು. ಕೈಚೀಲ ಧರಿಸುವುದು ಕ್ಷೇಮ. ಅಂಟಿದ ರಾಳವನ್ನು ಸೀಮೆಎಣ್ಣೆ, ಥಿನ್ನರುಗಳಿಂದ ಉಜ್ಜದೆ, ಬಟ್ಟೆಯಿಂದ ಒರೆಸಿ ಸಾಬೂನು ನೀರಿನಲ್ಲಿ ತೊಳೆಯಬೇಕು.

ಇಷ್ಟೆಲ್ಲ ಶ್ರಮ ಬೇಡವೆನ್ನುವವರು ಮುಚ್ಚಳವನ್ನು ಒರೆಸಿ ಬಿಗಿಯಾಗಿ ಮುಚ್ಚಿ, ರಾಳವನ್ನು ಕಿಟಕಿಯ ಬಳಿ ಇಡದೆ, ಬಿಸಿಲು ಚಳಿಗಳ ಏರಿಳಿತವಿಲ್ಲದ ಒಳಗೋಡೆಯ ಬೀರುವಿನಲ್ಲಿ ಮಕ್ಕಳ ಕೈಗೆ ಎಟುಕದಂತೆ ಇಡಲಿ. ರಾಳದ ಮುಚ್ಚಳ ರಾಳಕ್ಕೆ, ಹಾರ್ಡನರಿನ ಮುಚ್ಚಳ ಹಾರ್ಡನರಿಗೆ ಎಂಬ ಶಿಸ್ತೊಂದಿದ್ದರೆ ಸಾಕು. ಚಳಿಗೆ ಹರಳಾದುದನ್ನು ಬಿಸಿನೀರು ಸರಿಪಡಿಸುತ್ತದೆ, ಮುಚ್ಚಳ ತಪ್ಪಿ ಗಟ್ಟಿಯಾದುದನ್ನು ಯಾವುದೂ ಸರಿಪಡಿಸದು.