ಮೆಕ್ಸಿಕೋ ಎಂದರೆ ಯಾರೂ ಜಾತಿ ಕೇಳುವುದಿಲ್ಲ

'ಅಸಲಿ' ಎಂಬ ಮಾತು ಕೇಳಿದರೆ ನನಗೆ ಮೈ ಉರಿಯುತ್ತದೆ. ಅಸಲಿ ಕೋರಿರೊಟ್ಟಿ, ಅಸಲಿ ತುಳುನಾಡ ಊಟ, ಅಸಲಿ ಮನೆರುಚಿ. ಯಾರ ಮನೆಯ ರುಚಿ ಸ್ವಾಮೀ? ನಮ್ಮ ಕಡೆಯ ಹೋಟೆಲುಗಳ ಬೋರ್ಡು ಓದಿ ನೋಡಿ, ತಿಂಡಿಗಿಂತ ಮೊದಲು ಜಾತಿ ಕಾಣುತ್ತದೆ. ಭಟ್ಟರದು, ಶೆಟ್ಟರದು, ಪೈಗಳದು. ಇವರ ಜೊತೆ ನನಗೆ ಜಗಳವಿಲ್ಲ, ಇವರ ದೋಸೆ ತಿಂದೇ ನಾನು ಬಿ.ಎ. ಮುಗಿಸಿದ್ದು. ನನ್ನ ಪ್ರಶ್ನೆ ಬೇರೆ. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ, ಈ ಮೂರು ತಾಲೂಕುಗಳಲ್ಲಿ ಮುಂಡಾಲರ ಹೋಟೆಲು, ಮೇರರ ಖಾನಾವಳಿ, ಕೊರಗರ ಊಟದ ಮನೆ ಎಂಬ ಬೋರ್ಡು ಓದಿದವರು ಯಾರಾದರೂ ಇದ್ದೀರಾ? ಇದ್ದರೆ ಕೈ ಎತ್ತಿ. ನಾನಂತೂ ಓದಿಲ್ಲ.

ಈ ಪ್ರಶ್ನೆ ನನ್ನೊಳಗೆ ಹಳೆಯದು. ಅದು ಹೊತ್ತಿಕೊಂಡದ್ದು ಮಾತ್ರ ಮೊನ್ನೆ.

ಬಿ.ಸಿ.ರೋಡಿನಲ್ಲಿ ಕವಿಗೋಷ್ಠಿ ಮುಗಿದಾಗ ರಾತ್ರಿ ಒಂಬತ್ತೂವರೆ. ಕವಿಗಳಿಗೆ ಶಾಲು ಹೊದಿಸಿದ್ದರು, ಅನ್ನ ಹಾಕಿರಲಿಲ್ಲ. ನಾವು ನಾಲ್ವರು, ಎರಡು ಬೈಕು. ಎಲ್ಲಿಗೆಂದು ಯೋಚಿಸದೆ ಹೊರಟೆವು. ಸಿದ್ಧಕಟ್ಟೆ ದಾಟಿ ಮೂಡುಬಿದಿರೆ, ಅಲ್ಲಿಂದ ವೇಣೂರಿನ ಮೇಲೆ ಬೆಳ್ತಂಗಡಿ. ಈ ಸುತ್ತಿನಲ್ಲಿ ಎಲ್ಲೋ ಒಂದು ಕಡೆ ತಗಡಿನ ಮಾಡು, ನಾಲ್ಕು ಮೇಜು, 'ಮೆಕ್ಸಿಕನ್' ಎಂಬ ಬೋರ್ಡು. ಎಲ್ಲಿ ಎಂದು ನಾನು ಬರೆಯುವುದಿಲ್ಲ.

"ಈ ಗುಡ್ಡೆಯಲ್ಲಿ ಎಂತದ್ದು ಮೆಕ್ಸಿಕೋ ಮಾರಾಯ" ಎಂದು ನಗುತ್ತಲೇ ಕೂತೆವು. ಮೊದಲ ತುತ್ತಿಗೆ ನಗು ನಿಂತಿತು. ಅಂಗಡಿಯವನು ನಮ್ಮದೇ ಪ್ರಾಯದವನು. ಗಲ್ಫಿನ ಒಂದು ಹೋಟೆಲಿನ ಅಡುಗೆಮನೆಯಲ್ಲಿ ಮೆಕ್ಸಿಕೋದವನೊಬ್ಬನ ಕೈಕೆಳಗೆ ಆರು ವರ್ಷ ದುಡಿದವನು. ಘಟ್ಟದ ಮೇಲಿನ ಮುಸುಕಿನ ಜೋಳವನ್ನು ಸುಣ್ಣದ ನೀರಲ್ಲಿ ಕುದಿಸಿ, ರಾತ್ರಿಯಿಡೀ ನೆನೆಹಾಕಿ, ಸಿಪ್ಪೆ ತಿಕ್ಕಿ ತೊಳೆದು, ಅರೆದು ರೊಟ್ಟಿ ತಟ್ಟುತ್ತಾನೆ. "ವೀಳ್ಯಕ್ಕೆ ಹಚ್ಚುತ್ತೇವಲ್ಲ, ಅದೇ ಸುಣ್ಣ ಅಣ್ಣ" ಎಂದ. ಕೇಳಿದವರಿಗೆ ಹಂದಿಮಾಂಸ ಉಂಟು, ಅದರದೇ ಕೊಬ್ಬಿನಲ್ಲಿ ನಿಧಾನಕ್ಕೆ ಬೆಂದದ್ದು. ಅದಕ್ಕೆ 'ಕಾರ್ನಿತಾಸ್' ಎಂದು ಹೆಸರು. ನಮ್ಮ ಕಾಲನಿಯಲ್ಲಿ ಅದೇ ಹಂದಿ ಬೆಂದರೆ ಮೂಗು ಮುಚ್ಚಿಕೊಂಡು ಹೋಗುವ ಜನ ಇಲ್ಲಿ ಆ ಹೆಸರು ಹೇಳಿ ಎರಡನೇ ಸಲ ತರಿಸುತ್ತಾರೆ.

ನಮ್ಮಲ್ಲೊಬ್ಬ ವಾಡಿಕೆಯಂತೆ ಕೇಳಿಬಿಟ್ಟ: "ಎಲ್ಲಿ ಆಯ್ತು ನಿಮಗೆ ಮನೆ?" ಈ ಪ್ರಶ್ನೆಯ ಅರ್ಥ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅವನು ಸ್ವಲ್ಪ ಸುಮ್ಮನಿದ್ದು ಒಂದು ಕಾಲನಿಯ ಹೆಸರು ಹೇಳಿದ. ನಾನು ನನ್ನ ಕಾಲನಿಯ ಹೆಸರು ಹೇಳಿದೆ. ಆಮೇಲೆ ಅವನ ಬಾಯಿ ಬಿಚ್ಚಿತು. ಗಲ್ಫಿನಿಂದ ಬಂದವನು ಮೊದಲು ಇಟ್ಟದ್ದು ಕೋರಿರೊಟ್ಟಿಯ ಅಂಗಡಿ, ತಾಯಿಯ ಕೈಯ ಮಸಾಲೆ. ಬಂದವರು ಕೂರುವ ಮೊದಲೇ "ಯಾರ ಹೋಟೆಲು?" ಎಂದು ಕೇಳುತ್ತಿದ್ದರು. ಗೊತ್ತಾದವರು ಚಾ ಕುಡಿದು ಎದ್ದರು, ಆಮೇಲೆ ಚಾಕ್ಕೂ ಬರಲಿಲ್ಲ. ಮೂರು ತಿಂಗಳಿಗೆ ಬಾಗಿಲು ಹಾಕಿದ. "ಮೆಕ್ಸಿಕೋ ಅಂದರೆ ಯಾರೂ ಜಾತಿ ಕೇಳುವುದಿಲ್ಲ ಅಣ್ಣ. ಅಲ್ಲಿ ಯಾವ ಜಾತಿ ಉಂಟು ಅಂತ ಇವರಿಗೆ ಗೊತ್ತಿಲ್ಲವಲ್ಲ."

ಗೆಳೆಯರೇ, ಹನ್ನೆರಡನೇ ಶತಮಾನದಿಂದ ಸಮಾನತೆಯ ಮಾತಾಡಿಕೊಂಡು ಬಂದ ನಾಡಿದು. ಇಲ್ಲಿ ಒಬ್ಬ ಹುಡುಗ ತನ್ನ ಕೈಯಡುಗೆ ಮಾರಲು ಭೂಗೋಳದ ಆಚೆ ಬದಿಯ ದೇಶವೊಂದರ ಹೆಸರನ್ನು ಮುಸುಕಾಗಿ ಹೊದ್ದುಕೊಳ್ಳಬೇಕಾಯಿತು.

ಅಷ್ಟರಲ್ಲೇ ನಮ್ಮಲ್ಲೊಬ್ಬ ಮೊಬೈಲು ಎತ್ತಿದ್ದ. "ನಾವೇ ಮೊದಲು ಕಂಡುಹಿಡಿದದ್ದು" ಎಂದು ಊರಿಗೆಲ್ಲ ಸಾರುವ ಹುರುಪು. ಕಂಡುಹಿಡಿಯುವುದು! 1492ರಲ್ಲಿ ಕೊಲಂಬಸನೂ ಹೀಗೇ ಕಂಡುಹಿಡಿದ. ಜನ ಉಂಡು ಉಟ್ಟು ಬಾಳುತ್ತಿದ್ದ ನೆಲವನ್ನು. 1521ರಲ್ಲಿ ಕೋರ್ತೆಸನ ಪಡೆ ಮೆಕ್ಸಿಕೋದ ರಾಜಧಾನಿಯನ್ನು ನೆಲಸಮ ಮಾಡಿತು. ಮುಸುಕಿನ ಜೋಳ ಯುರೋಪಿಗೆ ಹೋಯಿತು, ಸುಣ್ಣದಲ್ಲಿ ನೆನೆಹಾಕುವ ಅಲ್ಲಿನ ಹೆಂಗಸರ ವಿದ್ಯೆ ಹೋಗಲಿಲ್ಲ. ಸುಣ್ಣ ಬೀಳದ ಜೋಳದಲ್ಲಿ ನಿಯಾಸಿನ್ ಎಂಬ ಜೀವಸತ್ವ ಮೈಗೆ ದಕ್ಕುವುದಿಲ್ಲ. ಹದಿನೆಂಟು, ಹತ್ತೊಂಬತ್ತನೇ ಶತಮಾನಗಳಲ್ಲಿ ಇಟಲಿಯ ಬಡರೈತರು ಬರೀ ಜೋಳ ತಿಂದು ಪೆಲ್ಲಾಗ್ರ ರೋಗದಲ್ಲಿ ಚರ್ಮ ಸುಲಿದು, ಬುದ್ಧಿ ಕೆಟ್ಟು ಸತ್ತರು. ಕಾಳು ಒಯ್ದು ಕೈ ಬಿಟ್ಟು ಬಂದದ್ದರ ಫಲ ಇದು. ಅದನ್ನು ತಿಂದದ್ದು ಒಯ್ದವರಲ್ಲ, ಅಲ್ಲಿಯೂ ಬಡವರೇ.

ಮೆಕ್ಸಿಕೋದ ಮೇಲಿನವರು ಏನು ಕಮ್ಮಿ? 1899ರಲ್ಲಿ ಫ್ರಾನ್ಸಿಸ್ಕೊ ಬುಲ್ನೆಸ್ ಎಂಬ ಅಲ್ಲಿನ ಪಂಡಿತ ಪುಸ್ತಕ ಬರೆದು ಮನುಷ್ಯರನ್ನು ಗೋಧಿಯವರು, ಅಕ್ಕಿಯವರು, ಜೋಳದವರು ಎಂದು ವಿಂಗಡಿಸಿದ. ಮುಂದುವರಿಯುವವರು ಗೋಧಿಯವರು ಮಾತ್ರವಂತೆ. ಮನು ಓದಿದ್ದರೆ ಬೆನ್ನು ತಟ್ಟುತ್ತಿದ್ದ. ಅದೇ ಜೋಳದ ಅಡುಗೆಯನ್ನು 2010ರಲ್ಲಿ ಯುನೆಸ್ಕೋ ಮನುಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಈಗ ನಮ್ಮೂರಿಗೆ ಬನ್ನಿ. ಮೂಡುಬಿದಿರೆಯ ಸಾವಿರ ಕಂಬದ ಬಸದಿ ಎದ್ದದ್ದು 1430ರ ಸುಮಾರಿಗೆ. ಆಗ ಈ ಸೀಮೆಯ ಯಾವ ಸಾರಿನಲ್ಲೂ ಕೆಂಪು ಮೆಣಸು ಇರಲಿಲ್ಲ. ಅಮೆರಿಕದ ಆ ಕಾಯಿ ಹದಿನಾರನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂತು. ಬಂದದ್ದು 'ಮುಂಚಿ' ಆಯಿತು, ಮೊದಲಿದ್ದ ಕಾಳುಮೆಣಸನ್ನು ತುಳುವಿನಲ್ಲಿ 'ಎಡ್ಡೆ ಮುಂಚಿ' ಎನ್ನುತ್ತೇವೆ, ಒಳ್ಳೆಯ ಮುಂಚಿ. ಶ್ರಾದ್ಧದ ಅಡುಗೆಗೆ ಈಗಲೂ ಕಾಳುಮೆಣಸೇ ಆಗಬೇಕೆನ್ನುವವರಿದ್ದಾರೆ. ಅದೊಂದು ದಿನ ಬಿಟ್ಟರೆ ಕಡಲು ದಾಟಿ ಬಂದ ಕಾಯಿಗೆ ಮಡಿಯ ಅಡುಗೆಮನೆಯ ಬಾಗಿಲು ತೆರೆದೇ ಉಂಟು. ಆ ಕಾಯಿಯನ್ನು ಅಂಗಳದಲ್ಲಿ ಒಣಗಿಸಿ ಮೂಟೆ ಕಟ್ಟಿಕೊಟ್ಟ ನನ್ನ ಅಜ್ಜಿಗೆ ಅದು ತೆರೆಯಲಿಲ್ಲ. ಅಡಿಕೆ ತೋಟದ ನೆರಳಲ್ಲಿ ಬೆಳೆಯುವ ಕೊಕ್ಕೋ ಕೂಡ ಮೆಕ್ಸಿಕೋದ ಅರಸರು ಕುಡಿಯುತ್ತಿದ್ದ ಕಾಯಿಯೇ. ಪುತ್ತೂರಿನಲ್ಲಿ 1986ರಿಂದ ಅದರ ಚಾಕಲೇಟು ತಯಾರಾಗುತ್ತಿದೆ. ಯಾರೂ ಅದರ ಕುಲ ಕೇಳಿಲ್ಲ.

ಇನ್ನು ಆಟಿ. ಮಳೆ ಹಿಡಿದು ಕೂಲಿ ಇಲ್ಲದೆ, ಅಕ್ಕಿ ತೀರಿ, ತಜಂಕಿನ ಸೊಪ್ಪು, ಕೆಸುವಿನ ಎಲೆ, ಕಣಿಲೆ, ಹಲಸಿನ ಬೀಜ ತಿಂದು ಜೀವ ಹಿಡಿದ ತಿಂಗಳು. ಈಗ 'ಆಟಿಡೊಂಜಿ ದಿನ' ಎಂದು ಸಭಾಭವನದಲ್ಲಿ ಅದೇ ಸೊಪ್ಪಿಗೆ ದೀಪ ಬೆಳಗುತ್ತಾರೆ. ನಮ್ಮ ಹಸಿವಿಗೆ ಹಬ್ಬದ ಹೆಸರು! ಅದೂ ಇರಲಿ. ಆದರೆ ಆ ಸೊಪ್ಪನ್ನು ಬಲ್ಲ ಕೈಗಳು ಅಲ್ಲಿ ಒಲೆಯ ಮುಂದೆ ಇರುವುದಿಲ್ಲ, ಹಿತ್ತಿಲಲ್ಲಿ ಪಾತ್ರೆ ತೊಳೆಯುತ್ತಿರುತ್ತವೆ. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುತ್ತಿದ್ದ ಅಜಲು ಪದ್ಧತಿಯನ್ನು ನಿಷೇಧಿಸಲು ಈ ರಾಜ್ಯ 2000ನೇ ಇಸವಿಯವರೆಗೆ ಕಾದಿತ್ತು. ಅದನ್ನು ಯಾವ ಆಟಿ ವೇದಿಕೆಯಲ್ಲಿ ನೆನೆಯುತ್ತಾರೆ?

ಸಂವಿಧಾನದ 15ನೇ ವಿಧಿ ನಮ್ಮನ್ನು ಹೋಟೆಲಿನೊಳಗೆ ಕೂರಿಸಿತು, ಬಾಬಾಸಾಹೇಬರಿಗೆ ಶರಣು. ಉಣ್ಣುವ ಹಕ್ಕು ಕಾಗದದ ಮೇಲಾದರೂ ಬಂತು. ಉಣಿಸುವ ಹಕ್ಕು? 2004ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಶಾಲೆಯ ಬಿಸಿಯೂಟಕ್ಕೆ ಅಡುಗೆಯವರನ್ನು ನೇಮಿಸುವಾಗ ದಲಿತರಿಗೆ ಆದ್ಯತೆ ಕೊಡಿ ಎಂದಿತು. ಅನ್ನ ಬೇಯಿಸುವ ಕೆಲಸಕ್ಕೂ ದೇಶದ ಅತ್ಯುನ್ನತ ನ್ಯಾಯಾಲಯ ಬಾಯಿ ಬಿಡಬೇಕಾಯಿತು. ಶಾಲೆಗಾದರೆ ಕೋರ್ಟು ಹೇಳಬಹುದು. ಹೆದ್ದಾರಿಯ ಗಿರಾಕಿಗೆ ಯಾವ ಕೋರ್ಟು ಹೇಳುತ್ತದೆ, ಈ ಕೈಯಿಂದ ಉಣ್ಣು ಎಂದು? ಅಲ್ಲಿ ಪೊಲೀಸು ಬೇಡ, ಬಹಿಷ್ಕಾರ ಬೇಡ. ಸುಮ್ಮನೆ ಎದ್ದು ಹೋದರೆ ಸಾಕು, ಅಂಗಡಿ ಮುಚ್ಚುತ್ತದೆ.

"ಅವನು ಧೈರ್ಯ ಮಾಡಿ ತನ್ನ ಹೆಸರಲ್ಲೇ ನಡೆಸಬೇಕಿತ್ತು" ಎಂದು ನಮ್ಮ ಪ್ರಗತಿಪರ ಮಿತ್ರರೊಬ್ಬರು ನನಗೆ ಬುದ್ಧಿ ಹೇಳಿದರು. ಬ್ಯಾಂಕಿನ ಸಾಲ ಇವರು ಕಟ್ಟುತ್ತಾರಾ? ಮುಸುಕು ಹಾಕಿದವನನ್ನು ತಿದ್ದುವ ಮೊದಲು ಮುಸುಕು ಹಾಕಿಸಿದವರ ಎಲೆಯ ಮುಂದೆ ಹೋಗಿ ನಿಲ್ಲಿ.

ಬರುವ ಆಟಿಗೆ ಚಪ್ಪರ ಹಾಕುವ ಸಂಘದವರು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಮಾತು. ಈ ಸಲ ಅಡುಗೆಯ ಗುತ್ತಿಗೆ ಕಾಲನಿಯ ಹೆಂಗಸರಿಗೆ ಕೊಡಿ. ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರ ಹೆಸರಿನಷ್ಟೇ ದಪ್ಪಕ್ಷರದಲ್ಲಿ ಅವರ ಹೆಸರು, ಕಾಲನಿಯ ಹೆಸರು ಹಾಕಿ. ಮೊದಲೇ ಹಂಚಿ, ಗುಟ್ಟು ಮಾಡಬೇಡಿ. ನಾವು ನಾಲ್ವರೂ ಬರುತ್ತೇವೆ, ಬಡಿಸಲು ಸೊಂಟ ಕಟ್ಟಿಕೊಂಡು. ಎಷ್ಟು ಎಲೆ ಖಾಲಿ ಉಳಿಯುತ್ತದೆ ಎಂದು ಒಟ್ಟಿಗೆ ಎಣಿಸೋಣ.