‘ಮೇಲಿನಿಂದ ಬಂದಿಲ್ಲ’

ಸಂಘದ ಮಹಾಸಭೆಗಳಲ್ಲಿ ನಾವು ವರ್ಷ ವರ್ಷವೂ ಕೇಳುವ ಮಾತೊಂದಿದೆ. ಈ ಸಲ ಬೆಳೆಸಾಲ ಯಾಕೆ ಕಡಿಮೆ ಎಂದು ಸದಸ್ಯರು ಕೇಳುತ್ತಾರೆ. ಮೇಲಿನಿಂದ ಬಂದಿಲ್ಲ ಎಂದು ಕಾರ್ಯದರ್ಶಿಗಳು ಹೇಳುತ್ತಾರೆ. ಅಲ್ಲಿಗೆ ಚರ್ಚೆ ಮುಗಿದು ಎಲ್ಲರೂ ಊಟಕ್ಕೆ ಏಳುತ್ತಾರೆ. ಮಲೆನಾಡಿನ ಅಡಿಕೆ ಬೆಳೆಗಾರನಿಗೂ, ಚಿಕ್ಕಬಳ್ಳಾಪುರ ತಾಲ್ಲೂಕಿನ ಕಳವಾರದ ಕಡೆ ಹಿಪ್ಪುನೇರಳೆ ಬೆಳೆಯುವ ರೈತನಿಗೂ ಸಿಗುವ ಉತ್ತರ ಇದೊಂದೇ. ಈ ‘ಮೇಲೆ’ ಎಂಬುದು ಎಲ್ಲಿದೆ, ಅಲ್ಲಿ ಕುಳಿತವರು ಯಾರು ಎಂದು ಒಮ್ಮೆ ವಿಚಾರಿಸಿ ನೋಡೋಣ.

ಸಂಘದ ಮೇಲೆ ಜಿಲ್ಲಾ ಕೇಂದ್ರ ಬ್ಯಾಂಕು, ಅದರ ಮೇಲೆ ಬೆಂಗಳೂರಿನ ಅಪೆಕ್ಸ್ ಬ್ಯಾಂಕು, ಅದರ ಮೇಲೆ ನಬಾರ್ಡ್. ಏಣಿಯ ತುದಿಯಲ್ಲಿರುವುದು ಮುಂಬಯಿಯ ರಿಜರ್ವ್ ಬ್ಯಾಂಕು.

ಈ ರಿಜರ್ವ್ ಬ್ಯಾಂಕು ನಮ್ಮ ಸಹಕಾರ ಸಂಘಗಳಿಗಿಂತ ಕಿರಿಯದು ಎಂಬುದನ್ನು ಸದಸ್ಯರು ಗಮನಿಸಬೇಕು. ಗದಗದ ಹತ್ತಿರದ ಕಣಗಿನಹಾಳದಲ್ಲಿ ಪತ್ತಿನ ಸಂಘ ಆರಂಭವಾದದ್ದು 1905ರಲ್ಲಿ. ಕಳವಾರದ ತಾಲ್ಲೂಕಿನವರೇ ಆದ ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1913ರಲ್ಲಿ, ಮೈಸೂರು ಬ್ಯಾಂಕು ಹುಟ್ಟಿತು. (ಅದು 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕಿನಲ್ಲಿ ಲೀನವಾಯಿತು, ಬೋರ್ಡು ಬದಲಾದ ದಿನ ನಮ್ಮಲ್ಲಿ ಹಲವರಿಗೆ ಬೇಸರವಾದದ್ದು ನಿಜ.) ರಿಜರ್ವ್ ಬ್ಯಾಂಕಾದರೋ 1934ರ ಕಾಯಿದೆಯಂತೆ 1935ರ ಏಪ್ರಿಲ್ 1ರಂದು, 5 ಕೋಟಿ ರೂಪಾಯಿ ಷೇರು ಬಂಡವಾಳದ ಖಾಸಗಿ ಸಂಸ್ಥೆಯಾಗಿ ಕಲ್ಕತ್ತೆಯಲ್ಲಿ ಕೆಲಸ ಆರಂಭಿಸಿತು. 1937ರಲ್ಲಿ ಮುಂಬಯಿಗೆ ಬಂದಿತು. 1949ರ ಜನವರಿ 1ರಂದು ರಾಷ್ಟ್ರೀಕರಣವಾಯಿತು.

ಇಂಗ್ಲೆಂಡಿನ ಕೇಂದ್ರ ಬ್ಯಾಂಕು 1694ರಲ್ಲಿ ಹುಟ್ಟಿದ್ದು ದೊರೆಯ ಯುದ್ಧದ ಖರ್ಚಿಗೆ ಸಾಲ ಹೊಂದಿಸಲು. ನಮ್ಮದಕ್ಕೆ ಹುಟ್ಟುವಾಗಲೇ ಕಾನೂನು ಬೇರೆಯೊಂದು ಹೊಣೆ ಹೊರಿಸಿತ್ತು. ಕೃಷಿ ಸಾಲಕ್ಕೆಂದೇ ಪ್ರತ್ಯೇಕ ವಿಭಾಗವಿರಬೇಕು, ಅದರಲ್ಲಿ ತಜ್ಞರಿರಬೇಕು, ಸಹಕಾರ ಬ್ಯಾಂಕುಗಳು ಕೇಳಿದಾಗ ಸಲಹೆ ಕೊಡಬೇಕು ಎಂದು ಕಾಯಿದೆಯ 54ನೇ ಕಲಮಿನಲ್ಲೇ ಬರೆದಿತ್ತು. ದಕ್ಷಿಣ ಕನ್ನಡ ಮೂಲದ ಬೆನೆಗಲ್ ರಾಮರಾಯರು ಗವರ್ನರರಾಗಿದ್ದಾಗ ನಡೆದ 1951-52ರ ಗ್ರಾಮೀಣ ಸಾಲ ಸಮೀಕ್ಷೆ ದೇಶದ ಕಣ್ಣು ತೆರೆಸಿತು. ರೈತ ಪಡೆದ ಸಾಲದಲ್ಲಿ ನೂರಕ್ಕೆ ಸುಮಾರು 70 ಪಾಲು ಲೇವಾದೇವಿಗಾರನಿಂದ. ಸಹಕಾರ ಸಂಘಗಳಿಂದ ಬರೀ 3.1. ಆ ವರದಿಯ ಫಲವಾಗಿ ರಿಜರ್ವ್ ಬ್ಯಾಂಕು 1956ರಲ್ಲಿ ದೀರ್ಘಾವಧಿ ಕೃಷಿ ನಿಧಿಯನ್ನು ಸ್ಥಾಪಿಸಿತು. ಆ ದಿನಗಳಲ್ಲಿ ‘ಮೇಲೆ’ ಕುಳಿತವರ ಕಣ್ಣಿಗೆ ಹಳ್ಳಿ ಕಾಣುತ್ತಿತ್ತು.

1982ರ ಜುಲೈ 12ರಂದು ನಬಾರ್ಡ್ ಹುಟ್ಟಿ, ಈ ಕೆಲಸವೆಲ್ಲ ಅದಕ್ಕೆ ವರ್ಗವಾಯಿತು. ರೈತರಿಗೆಂದೇ ಒಂದು ಬ್ಯಾಂಕು ಬೇಕೆಂಬುದಕ್ಕೆ ನಮ್ಮ ತಕರಾರಿಲ್ಲ. ಆದರೆ ಸಾಲ ಕೊಡುವ ಕೆಲಸ ಕೆಳಗಿಳಿದರೂ ಹಣದ ಒರತೆ ರಿಜರ್ವ್ ಬ್ಯಾಂಕಿನ ನಿಯಮಗಳಲ್ಲೇ ಉಳಿಯಿತು. ವಾಣಿಜ್ಯ ಬ್ಯಾಂಕುಗಳು ತಮ್ಮ ಸಾಲದಲ್ಲಿ ನೂರಕ್ಕೆ 18 ಪಾಲನ್ನು ಕೃಷಿಗೆ ಕೊಡಬೇಕೆಂದು ಅದು ವಿಧಿಸಿದೆ. ಗುರಿ ಮುಟ್ಟದವರು ಕೊರತೆಯ ಹಣವನ್ನು ನಬಾರ್ಡ್ ಮುಂತಾದ ಕಡೆ ಠೇವಣಿ ಇಡಬೇಕು. ನಮ್ಮ ಬೆಳೆಸಾಲದ ರಿಯಾಯಿತಿ ಮರುಸಾಲಕ್ಕೆ ಆ ಠೇವಣಿಯೇ ಮೂಲ. ಅಂದರೆ ಪರರ ತಪ್ಪುದಂಡದ ಮೇಲೆ ನಮ್ಮ ಗೊಬ್ಬರದ ಖರ್ಚು ನಿಂತಿದೆ! 2023-24ರಲ್ಲಿ ಕರ್ನಾಟಕಕ್ಕೆ 5,600 ಕೋಟಿ ರೂಪಾಯಿ ಇದ್ದ ಈ ಮರುಸಾಲ 2024-25ಕ್ಕೆ 2,340 ಕೋಟಿಗೆ ಇಳಿದಾಗ ರಾಜ್ಯ ಸರ್ಕಾರ ದೆಹಲಿಗೆ ಹೋಗಿ ಅಹವಾಲು ಹೇಳಬೇಕಾಯಿತು. ಮೇಲಿನಿಂದ ಬಂದಿಲ್ಲ ಎಂದರೆ ಇದೇ.

ಇನ್ನು ಕಾಲದ ಲೆಕ್ಕ. ಬೇಸಾಯದ ಕಾಗದಪತ್ರಗಳ ಮೇಲೆ ರಿಜರ್ವ್ ಬ್ಯಾಂಕು ಹಣ ಕೊಡಲು ಕಾಯಿದೆ ಮೊದಲು ಇಟ್ಟ ಅವಧಿ 9 ತಿಂಗಳು, ಅನಂತರ 15 ತಿಂಗಳು. ಕಳವಾರದ ಕಡೆಯ ರೈತ ಹುಳು ಮೇಯಿಸಿ ತಿಂಗಳೊಳಗೆ ಗೂಡನ್ನು ಶಿಡ್ಲಘಟ್ಟದ ಮಾರುಕಟ್ಟೆಗೆ ಒಯ್ಯುತ್ತಾನೆ. ಅವನಿಗೆ ಈ ಗಡಿಯಾರ ಒಗ್ಗೀತು. ಕಾಫಿ ಗಿಡ ಫಲ ಕೊಡಲು ಮೂರು ನಾಲ್ಕು ವರ್ಷ, ಅಡಿಕೆಗೆ ಐದಾರು ವರ್ಷ. ಕೊಳೆರೋಗ ಬಂದು ಒಂದು ಫಸಲು ಹೋದರೆ ತೋಟದವನ ಲೆಕ್ಕ ಎರಡು ವರ್ಷ ಹಿಂದಕ್ಕೆ ಬೀಳುತ್ತದೆ. ಬಹುವಾರ್ಷಿಕ ಬೆಳೆಯ ಈ ಸಂಕಟವನ್ನು ಹೇಳಬೇಕಾದರೆ ಹೇಳುವವನು ಒಳಗಿರಬೇಕು.

ಒಳಗೆ ಯಾರಿದ್ದಾರೆ? ಬಡ್ಡಿ ನಿರ್ಧರಿಸಲು 2016ರಿಂದ ಆರು ಜನರ ಸಮಿತಿಯಿದೆ: ಮೂವರು ಬ್ಯಾಂಕಿನವರು, ಮೂವರು ಸರ್ಕಾರ ನೇಮಿಸಿದವರು. ಸಹಕಾರಿಗಳಿಗೆಂದು ಅಲ್ಲಿ ಸ್ಥಾನವಿಲ್ಲ. ಹತೋಟಿ ಮಾತ್ರ ಬಿಗಿಯಾಗುತ್ತಲೇ ಬಂದಿದೆ. 1966ರ ಮಾರ್ಚ್‌ನಲ್ಲಿ ಸಹಕಾರ ಬ್ಯಾಂಕುಗಳು ಬ್ಯಾಂಕಿಂಗ್ ಕಾಯಿದೆಯ ಕೆಳಗೆ ಬಂದವು. 2020ರ ತಿದ್ದುಪಡಿ ಆ ಹಿಡಿತವನ್ನು ಇನ್ನಷ್ಟು ಬಲಪಡಿಸಿತು. (ಪ್ರಾಥಮಿಕ ಕೃಷಿ ಪತ್ತಿನ ಸಂಘಗಳು ಅದರಿಂದ ಹೊರಗಿವೆ.) 2019ರಲ್ಲಿ ಮುಂಬಯಿಯ ಪಿ.ಎಂ.ಸಿ. ಸಹಕಾರ ಬ್ಯಾಂಕಿನ ಠೇವಣಿದಾರರು ಪಟ್ಟ ಪಾಡನ್ನು ನೋಡಿದ ಮೇಲೆ ಈ ಬಿಗಿ ಬೇಡವೆನ್ನಲು ನಮಗೆ ಬಾಯಿಲ್ಲ. ನಮ್ಮವರೂ ಆಡಳಿತ ಮಂಡಳಿಗಳನ್ನು ಚುನಾವಣೆಯ ಅಖಾಡ ಮಾಡಿಕೊಂಡು ಕುಳಿತಿದ್ದಾರೆ.

ಆದರೂ ಕಾಯಿದೆಯಲ್ಲಿ ನಮಗೊಂದು ಬಾಗಿಲಿದೆ. ರಿಜರ್ವ್ ಬ್ಯಾಂಕಿಗೆ ಮುಂಬಯಿ, ಕೊಲ್ಕತ್ತ, ಚೆನ್ನೈ, ದೆಹಲಿಗಳಲ್ಲಿ ನಾಲ್ಕು ಸ್ಥಳೀಯ ಮಂಡಳಿಗಳು; ಕರ್ನಾಟಕ ಚೆನ್ನೈಗೆ ಸೇರಿದ್ದು. ಪ್ರತಿ ಮಂಡಳಿಗೆ ಐವರು ಸದಸ್ಯರು. ಪ್ರದೇಶಗಳ ಹಾಗೂ ಆರ್ಥಿಕ ವರ್ಗಗಳ ಜೊತೆಗೆ ಸಹಕಾರ ಬ್ಯಾಂಕುಗಳ ಹಿತವನ್ನೂ ಅವರು ಆದಷ್ಟು ಪ್ರತಿನಿಧಿಸಬೇಕೆಂದು 9ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಆ ಮಂಡಳಿಗಳಿಂದ ಒಬ್ಬೊಬ್ಬರು ಕೇಂದ್ರ ಮಂಡಳಿಗೂ ಹೋಗುತ್ತಾರೆ. ತೋಟದ ಬೆಳೆಯ ಸಹಕಾರ ಬಲ್ಲ ಒಬ್ಬರು ಚೆನ್ನೈ ಮಂಡಳಿಯಲ್ಲಿರಬೇಕೆಂದು ಕೇಳುವುದು ಭಿಕ್ಷೆಯಲ್ಲ.

ಮುಂದಿನ ಮಹಾಸಭೆಯಲ್ಲಿ ಪ್ರತಿಯೊಂದು ಸಂಘವೂ ಈ ಬಗ್ಗೆ ಠರಾವು ಮಾಡಬೇಕೆಂಬುದು ನಮ್ಮ ಸಲಹೆ. ನೇಮಕ ಮಾಡುವುದು ಕೇಂದ್ರ ಸರ್ಕಾರ. ಆದ್ದರಿಂದ ಠರಾವಿನ ಪ್ರತಿ ಹಣಕಾಸು ಸಚಿವಾಲಯಕ್ಕೆ ಹೋಗಲಿ, ಇನ್ನೊಂದು ಅಪೆಕ್ಸ್ ಬ್ಯಾಂಕಿಗೆ. ಊಟಕ್ಕೆ ಏಳುವ ಮೊದಲೇ ಇದನ್ನು ಮುಗಿಸಿಕೊಳ್ಳುವುದು ಒಳ್ಳೆಯದು.