ಪಡಸಾಲೆಯ ಪುಸ್ತಕಗಳು: ಅಂಜಿಕೆಯ ಓದು



ಕಳೆದ ತಿಂಗಳು ನಾಗಮಂಗಲದ ಕಡೆಯ ಒಂದು ಮದುವೆಯ ಮನೆಯಲ್ಲಿ ಹಿರಿಯ ತಾಯಿಯೊಬ್ಬರು ನಮ್ಮನ್ನು ತಡೆದು, "ನಮ್ಮ ಮೊಮ್ಮಗಳು ರಾತ್ರಿಯೆಲ್ಲ ದೆವ್ವದ ಕತೆ ಓದ್ತಾಳೆ ಸ್ವಾಮಿ. ಲಿಂಗಪೂಜೆ ನಡೆಯೋ ಮನೇಲಿ ಅಂಥ ಪುಸ್ತಕ ಇರಬಹುದೆ?" ಎಂದು ಕೇಳಿದರು. ಅಷ್ಟರಲ್ಲಿ ಪಂಕ್ತಿಗೆ ಕರೆ ಬಂದುದರಿಂದ ಉತ್ತರಿಸಲಾಗಲಿಲ್ಲ. ಉತ್ತರಿಸುವ ಮೊದಲು ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಯನ್ನು ಒಪ್ಪಿಕೊಳ್ಳಬೇಕಾಗಿದೆ.

ಯಂಡಮೂರಿ ವೀರೇಂದ್ರನಾಥರ 'ತುಳಸೀದಳ' ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮನೆಗಳಲ್ಲಿ ಓದಿಸಿಕೊಳ್ಳುತ್ತಿದ್ದ ಕಾಲವದು. 1985ರಲ್ಲಿ ಅದು ಕನ್ನಡ ಚಲನಚಿತ್ರವೂ ಆಯಿತು. ಆಗ ನಮ್ಮ ವಾಸ ಕೃಷ್ಣರಾಜಪೇಟೆಯಲ್ಲಿ. ಕೈಯಿಂದ ಕೈಗೆ ದಾಟಿ ರಟ್ಟು ಕಿತ್ತುಹೋಗಿದ್ದ ಪ್ರತಿಯನ್ನು ಎರಡೇ ರಾತ್ರಿಗಳಲ್ಲಿ ಮುಗಿಸಿದೆವು. ಎಳೆಯ ಹೆಣ್ಣುಮಗುವಿನ ಮೇಲೆ ಮಾಟ ಮಾಡಿಸುವ ಕಥೆ. ಅದೇ ವಾರ ನಮ್ಮ ಮಗಳಿಗೆ ಜ್ವರ ಬಂದಿತು. ಮರುದಿನ ಬೆಳಿಗ್ಗೆ ಹೊಸ್ತಿಲ ಬಳಿ ಕುಂಕುಮ ಸವರಿದ ನಿಂಬೆಹಣ್ಣೊಂದು ಬಿದ್ದಿತ್ತು. ಪಕ್ಕದ ಮನೆಯವರೊಡನೆ ಬಚ್ಚಲ ನೀರಿನ ವಿಷಯವಾಗಿ ಆಗ ತಾನೇ ಮಾತಿಗೆ ಮಾತು ಬೆಳೆದಿತ್ತು. ಅಷ್ಟೇ ಸಾಕಾಯಿತು. ಯಂತ್ರ, ತಾಯಿತವೆಂದು ಎರಡು ದಿನ ಅಲೆದೆವು. ಮೂರನೆಯ ದಿನ ನಮ್ಮ ತಾಯಿಯವರು ಯಾರನ್ನೂ ಕೇಳದೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಆಸ್ಪತ್ರೆಗೆ ನಡೆದರು. ವಿಷಮಶೀತ ಜ್ವರವೆಂದು ತಿಳಿಯಿತು. ಮಗು ಉಳಿಯಿತು. ನಿಂಬೆಹಣ್ಣು ಎದುರು ಮನೆಯವರು ಹೊಸ ಸ್ಕೂಟರಿಗೆ ಪೂಜೆ ಮಾಡಿದಾಗ ಉರುಳಿ ಬಂದದ್ದು! ನಾವು ಆಡಿದ ಮಾತು ಕಿವಿಗೆ ಬಿದ್ದ ಪಕ್ಕದ ಮನೆಯವರು ಮಾತ್ರ ಇಂದಿಗೂ ನಮ್ಮ ಮನೆಯ ನೀರು ಮುಟ್ಟುವುದಿಲ್ಲ.

ನಾಚಿಕೆ, ಸಿಟ್ಟು ಎರಡೂ ಸೇರಿ ಆ ಪುಸ್ತಕವನ್ನು ಹಂಡೆಯ ಒಲೆಗೆ ಹಾಕಿದೆವು. ತಾಯಿಯವರು ನೋಡುತ್ತಿದ್ದು, "ಡಾಕ್ಟ್ರ ಹತ್ರ ಹೋಗಬೇಡ ಅಂತ ಅದರಲ್ಲಿ ಬರೆದಿತ್ತೇನಪ್ಪ?" ಎಂದರು. ಎರವಲು ತಂದದ್ದಾದ್ದರಿಂದ ಬೆಲೆಯನ್ನೂ ತೆರಬೇಕಾಯಿತು.

ಅಂಜಿಕೆಯ ಬರವಣಿಗೆ ನಮ್ಮಲ್ಲಿ ಹೊಸದಲ್ಲವೆಂಬುದು ನಮಗೆ ತಿಳಿದದ್ದು ತಡವಾಗಿ. ಹೊಯ್ಸಳರ ಆಸ್ಥಾನದಲ್ಲಿದ್ದ ಜನ್ನಕವಿಯು 1209ರಲ್ಲಿ ರಚಿಸಿದ 'ಯಶೋಧರ ಚರಿತೆ'ಯ ಮಾರಿಗುಡಿಯನ್ನು ಒಮ್ಮೆ ಹೊಕ್ಕು ನೋಡಿರಿ. ಇಂದಿನ ದೆವ್ವದ ಕಾದಂಬರಿಗಳು ಅದರ ಮುಂದೆ ಸಪ್ಪೆ. ಬಲಿಗೆಂದು ಹಿಡಿದು ತಂದ ಬಾಲಕ ಬಾಲಕಿಯರಿಬ್ಬರೂ ಅಲ್ಲಿ ಹೆದರುವುದಿಲ್ಲ. ಬಾಲಕನ ಹೆಸರೇ ಅಭಯರುಚಿ. ಹಿಟ್ಟಿನ ಕೋಳಿಯನ್ನು ಬಲಿಗೊಟ್ಟುದಕ್ಕಾಗಿ ಜನ್ಮಜನ್ಮಾಂತರ ತೊಳಲಿದ ತನ್ನ ಕಥೆಯನ್ನು ಅವನು ಹೇಳುತ್ತ ಹೋದಂತೆ, ಕತ್ತಿ ಹಿಡಿದ ಮಾರಿದತ್ತ ರಾಜನೇ ನಡುಗುತ್ತಾನೆ. ಜೈನಕಾವ್ಯವೆಂದು ದೂರವಿಡುವ ನಮ್ಮವರಿದ್ದಾರೆ. ಕ್ಷುದ್ರ ದೈವಗಳಿಗೆ ಅಂಜಬೇಡಿರೆಂದು ಶರಣರು ಹೇಳಿದ್ದನ್ನು ನಂಬುವವರಿಗೆ ಆ ಕಾವ್ಯ ಹೇಗೆ ಹೊರಗಿನದಾದೀತು?

ನಮ್ಮ ಷಡಕ್ಷರದೇವನ 'ರಾಜಶೇಖರ ವಿಳಾಸ'ದಲ್ಲಿ, ಬೀದಿಯಲ್ಲಿ ಓಡಿದ ಕುದುರೆಗೆ ಸಿಕ್ಕಿ ಸತ್ತ ಕಂದನಿಗಾಗಿ ತಿರುಕೊಳವಿನಾಚಿ ಅಳುವ ಭಾಗವನ್ನು, ಮಗಳ ಜ್ವರದ ನೆನಪಿನಿಂದ, ನಾವು ಇಂದಿಗೂ ಗಟ್ಟಿಯಾಗಿ ಓದಲಾರೆವು. ಶ್ರೀರಂಗಪಟ್ಟಣದ ಅರಮನೆಯಲ್ಲಿ ಚಿಕದೇವರಾಜರ ಕಾಲದಲ್ಲಿ ಎಲೆಯಡಕೆಯ ಸಂಚಿ ಹಿಡಿದ ಹೊನ್ನಮ್ಮ 'ಹದಿಬದೆಯ ಧರ್ಮ' ಬರೆದಳು. ಅದರ ಉಪದೇಶವೆಲ್ಲವನ್ನೂ ಇಂದಿನ ಸೊಸೆಯಂದಿರಿಗೆ ಒಪ್ಪಿಸುವುದು ನ್ಯಾಯವಲ್ಲ. ಹೆಣ್ಣುಮಗುವನ್ನು ಕೀಳಾಗಿ ಕಾಣುವವರನ್ನು ಆಕೆ ಕೇಳುವ ಮಾತು ಮಾತ್ರ ಹಳತಾಗಿಲ್ಲ. ಇನ್ನು ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯ ಪು.ತಿ.ನ. ಅವರ 'ಶ್ರೀಹರಿಚರಿತೆ'ಯನ್ನು ಮೂರು ಸಲ ಹಿಡಿದು ಮೂರು ಸಲವೂ ನಡುವೆ ಬಿಟ್ಟೆವು. 'ಗೋಕುಲ ನಿರ್ಗಮನ' ನಮ್ಮ ಯೋಗ್ಯತೆಗೆ ಸಾಕು.

ಜನಪ್ರಿಯವೆಂದರೆ ಮೂಗು ಮುರಿಯುವವರಿಗೆ, ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರ 'ಮೈಸೂರು ಮಲ್ಲಿಗೆ' 1942ರಲ್ಲಿ ಬಂದಾಗಿನಿಂದ ಜನಪ್ರಿಯವೇ ಆಗಿದೆಯೆಂಬುದನ್ನು ನೆನಪಿಸುತ್ತೇವೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಓದಿಯೇ ನಮ್ಮ ಸೋದರಳಿಯ ಒತ್ತಕ್ಷರ ಕಲಿತ. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರ 'ದೇವರು' ಗ್ರಂಥದ ವಾದವನ್ನು ನಾವು ಒಪ್ಪುವುದಿಲ್ಲ. ಆದರೂ ಎರಡು ಸಲ ಓದಿದೆವು.

ದೆವ್ವ ಹಿಡಿದಿದೆಯೆಂದು ಜನ ಬೇವಿನ ಸೊಪ್ಪು ಹಿಡಿಯುತ್ತಿದ್ದ ಕಡೆ, ಇದು ಮನಸ್ಸಿನ ಕಾಯಿಲೆ, ಔಷಧವುಂಟು ಎಂದು ಕಾದಂಬರಿಯ ಮೂಲಕ ತೋರಿಸಿದವರು ತ್ರಿವೇಣಿ. ಬದುಕಿದ್ದು ಅಲ್ಪಕಾಲ, 1963ರಲ್ಲೇ ತೀರಿಕೊಂಡರು. 'ಶರಪಂಜರ'ದ ಕಾವೇರಿ ಗುಣವಾಗಿ ಮನೆಗೆ ಮರಳಿದರೂ ಮನೆಯವರ ಕಣ್ಣಿನ ಸಂಶಯ ಗುಣವಾಗುವುದಿಲ್ಲ. ಪಕ್ಕದ ಮನೆಯವರನ್ನು ನಾವು ನೋಡಿದ ನೋಟವೂ ಅದೇ ಜಾತಿಯದಲ್ಲವೆ ಎಂದು ಓದುವಾಗ ಚುಚ್ಚಿತು.

ಆ ತಾಯಿಯವರಿಗೆ ನಮ್ಮ ಉತ್ತರವಿಷ್ಟೆ: ಪುಸ್ತಕ ಕಿತ್ತುಕೊಳ್ಳಬೇಡಿರಿ. ಸಂಜೆ ದೀಪ ಹಚ್ಚಿದ ಮೇಲೆ ಅದನ್ನು ನಿಮಗೂ ಗಟ್ಟಿಯಾಗಿ ಓದಿ ಹೇಳಲು ಮೊಮ್ಮಗಳನ್ನು ಕೇಳಿರಿ. ಮುಂದಿನ ಸೋಮವಾರ ನಾವು ಆ ಕಡೆ ಬರುವವರಿದ್ದೇವೆ. 'ಶರಪಂಜರ'ದ ಪ್ರತಿಯನ್ನು ಚೀಲದಲ್ಲಿ ಇಟ್ಟುಕೊಂಡಾಗಿದೆ. ಹುಡುಗಿಯ ಬಳಿ ಇರುವ ದೆವ್ವದ ಕತೆ ಯಾವುದೆಂದು ನೋಡುವ ಆಸೆಯೂ ನಮಗಿದೆ.